ಜೆರೆಯ ಪೆಟ್ಟಿಗೆ ಹರಾಜಾದದ್ದು

"ನನ್ನನ್ನ ಕಚ್ಚಿದ ಸೊಳ್ಳೆಗೇ ಮಲೇರಿಯಾ ಬಂತು ಸಾರ್! ಮೂರು ದಿನ ಗಡಗಡ ನಡುಗ್ತು, ನಾಲ್ಕನೇ ದಿನ ಸತ್ತೇಹೋಯ್ತು. ಪಾಪ, ಅದರ ಗಂಡ ಬಂದು ನನ್ನೆದುರು ಗೋಳೋ ಅಂತ ಅತ್ತ!"

ಲುವಾಂಗ್ವಾ ನದಿಯ ದಂಡೆಯ ಸಫಾರಿ ಶಿಬಿರದಲ್ಲಿ ಜೊಂಡಿವೆ ಜೆರೆ ಹೀಗೆ ಬಡಾಯಿ ಕೊಚ್ಚದ ಸಂಜೆಯೇ ಇರಲಿಲ್ಲ. ಹೆಸರಿಗೆ ಅವನು ಪ್ರವಾಸಿಗರ ಜೀಪು ಓಡಿಸುವ ಮಾರ್ಗದರ್ಶಿ. ಅವನ ಬಾಯಲ್ಲಿ ಮಾತ್ರ ಇಡೀ ಕಣಿವೆಯ ಯಜಮಾನ.

"ಕೇಳಿದ್ರಾ ಈ ಇಲಿ ತಿನ್ನೋನ ಮಾತ?" ಅಡುಗೆಯ ಮುತಾಲೆ ಒಲೆಯ ಹತ್ತಿರದಿಂದಲೇ ಸೌಟು ಆಡಿಸಿದಳು.

"ಮಂಗ ತಿನ್ನೋಳಿಗೆ ನನ್ನ ರಕ್ತದ ಖದರು ಏನು ಗೊತ್ತು, ಸುಮ್ನಿರೆ!"

ಜೆರೆ ಅಂಗೋನಿ ಬುಡಕಟ್ಟಿನವನು, ಮುತಾಲೆ ಬೆಂಬಾ ಬುಡಕಟ್ಟಿನವಳು. ಎರಡೂ ಕಡೆಯ ಅಜ್ಜಂದಿರು ಈಟಿ ಹಿಡಿದು ಕಾದಾಡಿ ಕೊನೆಗೆ ರಾಜಿಯಾಗಿದ್ದರಿಂದ ಮೊಮ್ಮಕ್ಕಳಿಗೆ ಹಾಸ್ಯದ ನೆಂಟಸ್ತನ ಉಳಿದಿತ್ತು. ಬಾಯಿಗೆ ಬಂದಂತೆ ಬೈಯಬಹುದು, ಕೇಳದೆ ಸಾಮಾನು ಎತ್ತಿಕೊಂಡು ಹೋಗಬಹುದು. ಸಿಟ್ಟು ಮಾಡಿಕೊಂಡವರೇ ಸೋತಂತೆ. ಒಬ್ಬರ ಬಡಾಯಿಯನ್ನು ಇನ್ನೊಬ್ಬರು ನಂಬುವ ಪ್ರಶ್ನೆಯೇ ಇರಲಿಲ್ಲ.

ಇಂಗ್ಲೆಂಡಿನಿಂದ ಬಂದಿದ್ದ ಹಾಲಿಸ್ ಸಾಹೇಬರು ಮಾತ್ರ ನಂಬಿಬಿಟ್ಟಿದ್ದರು.

"ನಿನ್ನ ಮಾತು ಕೇಳಿ ನಾನೂ ಮಲೇರಿಯಾ ಮಾತ್ರೆ ನುಂಗೋದು ಬಿಟ್ಟೆ ಜೆರೆ. ಎರಡು ದಿನ ಆಯ್ತು, ಹೊಟ್ಟೆ ತೊಳಸೋದೇ ನಿಂತುಹೋಯ್ತು! ಸೊಳ್ಳೆಪರದೆನೂ ಬಿಚ್ಚಿಸಿಟ್ಟೆ. ಇನ್ನು ಹತ್ತು ದಿನ ಇಲ್ಲೇ ಇರ್ತೀನಲ್ಲ, ನಿನ್ನ ಹಾಗೆ ಗಟ್ಟಿಯಾಗೇ ಊರಿಗೆ ಹೋಗ್ತೀನಿ," ಎಂದು ಚಡ್ಡಿಯಿಂದ ಹೊರಬಂದ ಬೆಳ್ಳನೆಯ ಕಾಲು ಚಾಚಿ ಕೂತರು.

ಜೆರೆಯ ನಗು ಅಲ್ಲೇ ಇಂಗಿಹೋಯಿತು. ನಿಜ ಹೇಳಿದರೆ ವರ್ಷಗಟ್ಟಲೆ ಕಟ್ಟಿದ ಹೆಸರು ಮಣ್ಣುಪಾಲು. ಹೇಳದಿದ್ದರೆ ಈ ಮನುಷ್ಯ ಹಾಸಿಗೆ ಹಿಡಿಯುತ್ತಾನೆ.

"ಅದು... ನಮ್ಮ ಮೈ ಬೇರೆ, ನಿಮ್ಮ ಮೈ ಬೇರೆ ಸಾರ್..."

"ಅಯ್ಯೋ, ಅದೆಲ್ಲ ಅಭ್ಯಾಸ ಆಗುತ್ತೆ ಬಿಡು!"

"ನೀನೇ ಹೇಳ್ತೀಯೋ, ನಾನು ಹೇಳಲೋ?" ಮುತಾಲೆ ಮೆಲ್ಲಗೆ ಕೇಳಿದಳು. ಜೆರೆ ಕೆಮ್ಮಿದ, ಆಕಾಶ ನೋಡಿದ. ಅವಳು ಸೌಟು ಕೆಳಗಿಟ್ಟು ನೆಟ್ಟಗೆ ಅವನ ಗುಡಿಸಲಿಗೆ ಹೋದಳು. ವಾಪಸು ಬಂದಾಗ ತಲೆಯ ಮೇಲೆ ಅವನ ತಗಡಿನ ಪೆಟ್ಟಿಗೆ.

"ಹರಾಜು! ಹರಾಜು! ಅಂಗೋನಿ ವೀರನ ಆಯುಧಗಳು! ಇದು ಸೊಳ್ಳೆಪರದೆ. ತೂತು ಬಿದ್ದಲ್ಲೆಲ್ಲ ಎಷ್ಟು ಚೆನ್ನಾಗಿ ಹೊಲಿದಿದಾನೆ ನೋಡಿ! ಸೊಳ್ಳೆ ಮುಲಾಮು, ಒಂದಲ್ಲ, ಮೂರು! ಮೊಣಕಾಲಿನ ತನಕ ಕಾಲುಚೀಲ! ಇದು ಆಸ್ಪತ್ರೆ ಚೀಟಿ, ಯಾರಿಗೆ ಬೇಕು?"

ಶಿಬಿರಕ್ಕೆ ಶಿಬಿರವೇ ಬಿದ್ದುಬಿದ್ದು ನಕ್ಕಿತು. ಜೆರೆಯ ಕಿವಿ ಕೆಂಡವಾಯಿತು.

"ಸಿಟ್ಟು ಬಂತೇನೋ?"

"ಬರೋ ಹಾಗಿಲ್ವಲ್ಲೇ, ಹಾಳಾದೋಳೇ!" ಅಂದವನು ಹಾಲಿಸರ ಎದುರು ಕುಕ್ಕರಗಾಲಲ್ಲಿ ಕೂತ. "ಸಾರ್, ನಾನು ಹೇಳಿದ್ದೆಲ್ಲ ಸುಳ್ಳು. ಹೋದ ಮಳೆಗಾಲದಲ್ಲಿ, ಪರದೆ ಯಾಕೆ ಅಂತ ಒಂದು ವಾರ ಹಾಗೇ ಮಲಗಿದ್ದೆ. ಹನ್ನೊಂದು ದಿನ ಆಸ್ಪತ್ರೇಲಿ ಬಿದ್ದಿದ್ದೆ. ಈ ಮುತಾಲೆನೇ ದೋಣೀಲಿ ಹಾಕ್ಕೊಂಡು ಹೋಗಿದ್ದು. ದಾರಿಯುದ್ದಕ್ಕೂ ಇವಳನ್ನೇ 'ಅಮ್ಮಾ' ಅಂತ ಕರೆದು ಅತ್ತಿದ್ನಂತೆ. ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಎರಡು ದಿನ ಮಾತ್ರೆ ತಪ್ಪಿಸಿದೀನಿ ಅಂತ ಹೇಳಿ. ಪರದೆ ನಾನೇ ಕಟ್ಟಿಕೊಡ್ತೀನಿ. ಮೈ ಸ್ವಲ್ಪ ಬಿಸಿಯಾದ್ರೂ ನನ್ನ ಕೂಗಿ, ಆ ಕ್ಷಣವೇ ರಕ್ತ ಪರೀಕ್ಷೆಗೆ ಹೋಗೋಣ. ನಿಜ ಹೇಳ್ಬೇಕಂದ್ರೆ ಸಾರ್, ಕಿವಿ ಹತ್ರ ಗುಂಯ್ ಅಂದ್ರೆ ಸಾಕು, ನಾನು ಈಗಲೂ ಓಡಿಹೋಗಿ ಪರದೆಯೊಳಗೆ ನುಗ್ತೀನಿ."