ಕದಡದೆ ಬಾ ಗಾಳಿಯೇ

ಸಭಾಂಗಣದ ದೀಪ ಆರಿಸುವ ಮೊದಲು ನೇತ್ರಾವತಿ ಕರಪತ್ರವನ್ನು ಮತ್ತೊಮ್ಮೆ ಓದಿದಳು. ‘ಜಾಝ್ ಮತ್ತು ಶಾಸ್ತ್ರೀಯ ಗಾಯನದ ಹೊಸ ಕೃತಿ. ರಚನೆ, ಸ್ಯಾಕ್ಸೊಫೋನ್: ಮುತ್ತುರಾಜ್. ಗಾಯನ: ಯಶಸ್ವಿನಿ.’ ಇನ್ನೊಂದು ಹೆಸರು ಹಿಂದುಗಡೆ ಇರಬಹುದೇನೋ ಎಂದು ತಿರುಗಿಸಿದಳು. ಅಲ್ಲಿ ಸೀರೆ ಅಂಗಡಿಯ ಜಾಹೀರಾತಿತ್ತು.

ಮುತ್ತುರಾಜ್ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ರಜೆಯಲ್ಲಿ ಮದುವೆ ಆರ್ಕೆಸ್ಟ್ರಾಗಳಿಗೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಎರಡು ವರ್ಷ, ಭಾನುವಾರ ತಪ್ಪದಂತೆ ಕುಣಿಗಲ್ಲಿಗೆ ಬಂದು ಅವಳ ಮನೆಯ ಹಜಾರದಲ್ಲಿ ಕೂರುತ್ತಿದ್ದ. ಚಾರುಕೇಶಿ ರಾಗ ಅವಳದು, ಐದೆಣಿಕೆಯ ಖಂಡ ಚಾಪು ತಾಳ ಅವಳದು, ಕೆರೆ ಏರಿಯ ಮೇಲೆ ನಡೆಯುವಾಗ ಹೊಳೆದ ‘ಕೆರೆಯ ನೀರ ಕದಡದೆ ಬಾ ಗಾಳಿಯೇ’ ಎಂಬ ಪಲ್ಲವಿಯೂ ಅವಳದು. ತಾಳ ತಪ್ಪಿಸಿ ತಪ್ಪಿಸಿ ಮತ್ತೆ ಬಂದು ಕೂಡಿಕೊಳ್ಳುವ ಸ್ಯಾಕ್ಸೊಫೋನಿನ ಆಟ ಅವನದು. ಶಾಲೆಯ ಮಕ್ಕಳಿಗೆ ಇಪ್ಪತ್ತು ವರ್ಷ ಪ್ರಾರ್ಥನೆ ಕಲಿಸಿ ಸಾಕಾಗಿದ್ದ ನೇತ್ರಾವತಿಗೆ ಆ ಭಾನುವಾರಗಳಲ್ಲಿ ವಯಸ್ಸೇ ಮರೆತುಹೋಗುತ್ತಿತ್ತು.

ಆಮೇಲೆ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. “ಅಕ್ಕ, ಆರು ತಿಂಗಳು ಬಾಯೇ ಬಿಡ್ಬೇಡಿ. ನಮ್ ಹಾಡು ಎಲ್ಲೂ ಓಡೋಗಲ್ಲ,” ಎಂದು ಮುತ್ತುರಾಜ್ ಎಳನೀರು ತಂದಿಟ್ಟು ಹೇಳಿದ್ದ. ಆರು ತಿಂಗಳು ಮುಗಿದ ಮೇಲೆ, ಮೊನ್ನೆ ಫೋನ್ ಮಾಡಿ, ತುಮಕೂರಿನಲ್ಲಿ ತನ್ನದೊಂದು ಪ್ರೋಗ್ರಾಂ ಇದೆ, ಮುಂದಿನ ಸಾಲಲ್ಲೇ ಸೀಟು ಇಟ್ಟಿದ್ದೇನೆ ಅಂದಿದ್ದ. ಅಷ್ಟೇ ಅಂದಿದ್ದ.

ದೀಪ ಆರಿತು. ವೇದಿಕೆಯ ಮೇಲೆ ಯಶಸ್ವಿನಿ ಅದೇ ಪಲ್ಲವಿ ಎತ್ತಿದಳು. ಗುಬ್ಬಿಯಿಂದ ಏಳು ವರ್ಷ ಬಸ್ಸಿನಲ್ಲಿ ಬಂದು ನೇತ್ರಾವತಿಯ ಹತ್ತಿರವೇ ಕಲಿತ ಹುಡುಗಿ. ‘ಕದಡದೆ’ ಎನ್ನುವಲ್ಲಿ ಧೈವತ ಸ್ವರವನ್ನು ತುಸು ಅಲುಗಿಸಿ ನಿಲ್ಲಿಸಿದಾಗ ಜನ ಚಪ್ಪಾಳೆ ತಟ್ಟಿದರು. ನೇತ್ರಾವತಿ ತಟ್ಟಲಿಲ್ಲ. ಆ ಜಾಗವನ್ನು ತಿದ್ದಿಕೊಟ್ಟವಳು ತಾನೇ. ಎರಡು ತಿಂಗಳ ಹಿಂದೆ ಹುಡುಗಿ ಬಂದು, “ಮಿಸ್, ನಿಮ್ ಪಲ್ಲವಿ ಕಾಲೇಜ್ ಕಾಂಪಿಟೇಷನ್‌ಗೆ ಹಾಡ್ಲಾ?” ಎಂದಿದ್ದಳು. ದನಿ ತೆಗೆಯುವಂತಿರಲಿಲ್ಲ, ಕೈಸನ್ನೆಯಲ್ಲೇ ಮೂರು ದಿನ ಹೇಳಿಕೊಟ್ಟಿದ್ದಳು.

ಕಡೆಯಲ್ಲಿ ನಿರೂಪಕರು ಯಶಸ್ವಿನಿಯ ಗುರುಗಳೆಂದು ಅವಳನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. ಮೈಕು ಹತ್ತಿರವೇ ಇತ್ತು. ಆದರೆ ಅದರ ಮುಂದೆ ಹಾಡಬೇಕೆಂದು ಎರಡು ವರ್ಷ ಕಾದಿದ್ದವಳಿಗೆ ದೂರು ಹೇಳಲು ನಾಲಗೆ ಏಳಲಿಲ್ಲ.

ಪರದೆಯ ಹಿಂದೆ ಮುತ್ತುರಾಜ್ ವಾದ್ಯ ಒರೆಸುತ್ತಿದ್ದ. “ನಿಮ್ ಗಂಟ್ಲು ಹಿಂಗಾಯ್ತಲ್ಲ ಅಕ್ಕ, ಡೇಟ್ ಬೇರೆ ಸಿಕ್ಬುಟ್ಟಿತ್ತು…”

“ಗಂಟಲಿಗೆ ಹುಷಾರಿರ್ಲಿಲ್ಲ, ಸರಿ. ನನ್ನ ಹೆಸರಿಗೇನಾಗಿತ್ತು ಮುತ್ತು?”

ಅವನು ತಲೆ ಎತ್ತಲಿಲ್ಲ. “ಹಾಡು ರೆಕಾರ್ಡ್ ಮಾಡೋ ಕಂಪ್ನಿಯೋರು ರಚನೆಗೆ ಒಬ್ರದೇ ಹೆಸರಿರ್ಲಿ ಅಂದ್ರು. ನೀವು ಮನೆಯೋರು, ತಪ್ಪು ತಿಳ್ಕೊಳಲ್ಲ ಅನ್ಕಂಡೆ.”

“ಹೊರಗಿನವಳಾಗಿದ್ರೆ ನನ್ನ ಒಂದ್ಮಾತು ಕೇಳ್ತಿದ್ದೆ ಕಣೋ ನೀನು,” ಎಂದಳು. ಶಾಲನ್ನು ಮಡಿಸಿ ಅವನ ಕುರ್ಚಿಯ ಮೇಲಿಟ್ಟು ಬಸ್‌ ಸ್ಟ್ಯಾಂಡಿಗೆ ನಡೆದಳು.

ಭಾನುವಾರ ಬೆಳಗ್ಗೆ ಯಶಸ್ವಿನಿ ಹಣ್ಣಿನ ಕವರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿದ್ದೆಗೆಟ್ಟ ಮುಖ.

“ಕರಪತ್ರ ಮೊದಲೇ ನೋಡಿದ್ಯಾ?”

“ನೋಡಿದ್ದೆ ಮಿಸ್.” ಕಣ್ಣು ತುಂಬಿಕೊಂಡಿತು. “ಕೇಳಿದ್ರೆ ಬೇರೆಯವ್ರನ್ನ ಕರೀತಾರೆ ಅನ್ನಿಸ್ತು. ಕಾಂಪಿಟೇಷನ್ ಅಂದಿದ್ದೂ ಸುಳ್ಳೇ.”

ನೇತ್ರಾವತಿ ಅವಳನ್ನು ಕಳಿಸಿಬಿಡಬೇಕೆಂದುಕೊಂಡಳು. ಆಮೇಲೆ ಚಾಪೆ ಹಾಸಿದಳು. “ಕೂತ್ಕೋ. ಹಾಡೋಣ.”

ಆಪರೇಷನ್ ಆದಮೇಲೆ ಅವಳ ದನಿ ಇಳಿದಿತ್ತು. ಶ್ರುತಿಪೆಟ್ಟಿಗೆಯ ಶ್ರುತಿಯನ್ನು ಮೂರು ಮೆಟ್ಟು ಕೆಳಗಿಳಿಸಿ ಕಣ್ಣುಮುಚ್ಚಿ ಪಲ್ಲವಿ ಎತ್ತಿದಳು. ದನಿ ಒರಟಾಗಿತ್ತು, ಒಂದೆರಡು ಕಡೆ ಗಾಳಿಯಷ್ಟೇ ಬಂತು. ನಿಲ್ಲಿಸಲಿಲ್ಲ. ಎದುರಿಗೆ ಯಶಸ್ವಿನಿ ಜೊತೆಗೂಡಲು ಬಾಯಿ ತೆರೆದಳು. ಅಷ್ಟು ಕೆಳಗೆ ಅವಳ ದನಿ ಇಳಿಯಲಿಲ್ಲ. ತೊಡೆಯ ಮೇಲೆ ಐದೈದು ಎಣಿಕೆಯ ತಾಳ ಹಾಕುತ್ತ, ಬಾಯಿ ಮುಚ್ಚಿ ಕೂತಳು.