ಬಾಗಿಲ ಹೊರಗಿನ ಮುದುಕಿ

ಆಕೆಯ ಕೆಲಸ ಕಟ್ಟುಹಲ್ಲು ತಯಾರಿಸುವುದು. ದಿನವಿಡೀ ಲ್ಯಾಬಿನಲ್ಲಿ ಕುಳಿತು, ತಾನು ಎಂದೂ ನೋಡದವರ ಬಾಯಿಗೆ ಒಪ್ಪುವ ಹಲ್ಲಿಗೆ ಬಣ್ಣ ಹಚ್ಚುತ್ತಿದ್ದಳು. ಮನೆಗೆ ಬಂದರೂ ಕುಂಚ ಬಿಡುತ್ತಿರಲಿಲ್ಲ. ಊಟದ ಮೇಜಿನ ಒಂದು ಮೂಲೆ ಅವಳ ಪುಟಾಣಿ ಗೊಂಬೆಗಳದ್ದು. "ಹಲ್ಲಾದ್ಮೇಲೆ ಗೊಂಬೆ. ದೊಡ್ಡದು ಯಾವ್ದೂ ನಿನ್ನ ಕಣ್ಣಿಗೇ ಬೀಳಲ್ಲ" ಎಂದು ಗಂಡ ರೇಗಿಸುತ್ತಿದ್ದ.

ಈ ಸಲ ತಂದದ್ದು ಹೆಬ್ಬೆರಳುದ್ದದ ಮುದುಕಿ. ತಲೆಗೆ ವಸ್ತ್ರ ಕಟ್ಟಿ, ತುಸು ಮುಂದಕ್ಕೆ ಬಾಗಿ, ಬಲಗೈಯನ್ನು ತಲೆಯ ಪಕ್ಕಕ್ಕೆ ಎತ್ತಿ ನಿಂತಿದ್ದಳು. ದೂರ ನೋಡುತ್ತಿರಬೇಕು ಎಂದುಕೊಂಡು ಬಣ್ಣ ಹಚ್ಚಿ, ಅವಳಿಗೊಂದು ಗುಡ್ಡ ಕಟ್ಟಿದ್ದಾಯಿತು. ಹಲ್ಲಚ್ಚಿನ ಪ್ಲಾಸ್ಟರಿನಿಂದ ಬಂಡೆ, ಹಳೆಯ ಟೂತ್‌ಬ್ರಷ್ಷಿನ ಎಳೆಗಳಿಂದ ಹುಲ್ಲು, ಹಿಂದೆ ನೀಲಿ ಬಳಿದ ರಟ್ಟಿನ ಆಕಾಶ. ಎರಡು ವಾರ ಹಿಡಿಯಿತು.

ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಲು ಕುಳಿತಳು. ಮೇಲಿನಿಂದ ತೆಗೆದರೆ ಎಲ್ಲವೂ ಆಟಿಕೆಯಂತೆ ಕಾಣುತ್ತಿತ್ತು. ಫೋನನ್ನು ತಲೆಕೆಳಗು ಹಿಡಿದು ಕ್ಯಾಮೆರಾವನ್ನು ಮುದುಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿದಾಗ ಬಂಡೆಗಳಿಗೆ ತೂಕ ಬಂತು, ಹುಲ್ಲು ಹುಲ್ಲಾಯಿತು. ಮುದುಕಿ ಮಾತ್ರ ಎಲ್ಲಿಂದಲೋ ತಂದು ಅಂಟಿಸಿದ ಹಾಗೆಯೇ ಇದ್ದಳು. ನೆರಳಿನ ಕಡೆ ಬಿಳಿ ಕಾಗದ ಹಿಡಿದು, ರಟ್ಟು ಸರಿಸಿ, ನಲವತ್ತು ಫೋಟೊ ತೆಗೆದರೂ ಕೂಡಿಬರಲಿಲ್ಲ.

ಎದುರಿಗೆ ಬಟ್ಟೆ ಮಡಚುತ್ತಿದ್ದ ಅತ್ತೆ ಎದ್ದು ಬಂದು, ಫೋನಿನಲ್ಲಿ ದೊಡ್ಡದಾಗಿ ಕಂಡ ಮುಖವನ್ನು ದಿಟ್ಟಿಸಿದರು.

"ಇವಳ್ಯಾಕೆ ಗುಡ್ಡ ಹತ್ತಿದಾಳೆ?"

"ದೂರ ಏನೋ ನೋಡ್ತಿದಾಳೆ ಅತ್ತೆ. ಬಿಸಿಲಿಗೆ ಕೈ ಅಡ್ಡ ಹಿಡಿದು."

"ಬಿಸಿಲಿಗಾದ್ರೆ ಅಂಗೈ ಕೆಳಗಿರ್ಬೇಕಲ್ವಾ? ಇದು ಮುಂದಕ್ಕೆ ತಿರುಗಿದೆ. ಕಣ್ಣೂ ನೆಲದ ಮೇಲಿದೆ. ಇವಳು ನೋಡ್ತಿಲ್ಲ, ಕೇಳಿಸ್ಕೊಳ್ತಿದಾಳೆ."

ಸೊಸೆ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ನಿಜ. ವಸ್ತ್ರದಡಿ ಮರೆಯಾಗಿದ್ದ ಕಿವಿಯ ಹಿಂದೆ ಬೆರಳುಗಳು ಬಟ್ಟಲಿನಂತೆ ಬಾಗಿದ್ದವು.

"ನಿಮಗೆ ಹೇಗೆ ಹೊಳೀತು?" ಎಂದು ತಲೆ ಎತ್ತದೆ ಕೇಳಿದಳು.

"ಏನಂದೆ?"

ಸೊಸೆ ಮುಖವೆತ್ತಿ ಮತ್ತೆ ಕೇಳಿದಳು. ಅತ್ತೆ ಮಡಚಿಟ್ಟ ಟವೆಲನ್ನೇ ಬಿಡಿಸಿ ಮತ್ತೆ ಮಡಚತೊಡಗಿದರು.

"ನಾನೂ ಹೀಗೇ ನಿಲ್ತೀನಿ, ನಿಮ್ಮ ರೂಮಿನ ಹೊರಗೆ. ಕದ್ದು ಕೇಳೋಕಲ್ಲ ಮತ್ತೆ. ನನ್ನನ್ನ ಕರೆದ್ರೇನೋ ಅಂತ. ಎರಡು ವರ್ಷ ಆಯ್ತು, ಸರಿಯಾಗಿ ಕೇಳಿಸಲ್ಲ."

ಅಮ್ಮನ ಕಿವಿಗೆ ಬೇಕಾದ್ದು ಮಾತ್ರ ಬೀಳುತ್ತದೆ ಎಂದು ಗಂಡ ನಗುತ್ತಿದ್ದ. ಅವಳೂ ಜೊತೆಗೂಡಿ ನಕ್ಕಿದ್ದಳು. ಈಗ ಗುಡ್ಡದ ಮೇಲಿಂದ ಮುದುಕಿಯನ್ನು ಕಿತ್ತು, "ಹಾಗಾದ್ರೆ ಇವಳಿಗೆ ಏನು ಕಟ್ಟೋಣ?" ಎಂದಳು.

"ಒಂದು ಬಾಗಿಲು. ಪೂರ್ತಿ ಮುಚ್ಬೇಡ, ಒಂಚೂರು ತೆರೆದಿರ್ಲಿ."

ಮುಂದಿನ ವಾರವೆಲ್ಲ ಇಬ್ಬರೂ ಮೇಜಿನ ಮೂಲೆಯಲ್ಲೇ. ಚೌಕಟ್ಟಿನ ಪಕ್ಕ ಗೋಡೆ ಎಲ್ಲಿ ಮಾಸಿರುತ್ತದೆ ಎಂದು ತೋರಿಸಿದವರು ಅತ್ತೆ. ಅಲ್ಲಿ ಕೈಯೂರಿ ನಿಂತು ಅವರಿಗೆ ಅಭ್ಯಾಸವಿತ್ತು. ಬಾಗಿಲ ಹಿಂದೆ ಟಾರ್ಚ್ ಇಟ್ಟು, ಅದಕ್ಕೆ ಚಾಕಲೇಟಿನ ಹಳದಿ ಹಾಳೆ ಸುತ್ತಿದರು. ಮೂರನೆಯ ಫೋಟೊದಲ್ಲೇ ಮುದುಕಿಗೆ ಜೀವ ಬಂತು. ಗಂಡ ಅದನ್ನು ನೋಡಿ, "ಒಳಗೆ ಯಾರಿದಾರೆ?" ಎಂದು ಕೇಳಿದ. ವಿಷಯ ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕುಳಿತ.

ಗುರುವಾರ ಅತ್ತೆ-ಸೊಸೆ ಕಿವಿ ಪರೀಕ್ಷೆಗೆ ಹೋದರು. ಗಾಜಿನ ಕೋಣೆಯೊಳಗೆ ಅತ್ತೆ ಹೆಡ್‌ಫೋನ್ ಹಾಕಿ ಕುಳಿತಿದ್ದರು. ಶಬ್ದ ಕೇಳಿಸಿದಾಗ ಬೆರಳೆತ್ತಬೇಕಿತ್ತು. ಆ ಶಬ್ದ ಹೊರಗಿದ್ದ ಸೊಸೆಗೆ ಕೇಳುವಂತಿರಲಿಲ್ಲ. ಆಕೆ ಗಾಜಿಗೆ ಹತ್ತಿರವಾಗಿ, ಅತ್ತೆಯ ಬೆರಳನ್ನೇ ನೋಡುತ್ತ ನಿಂತಳು.