ಗೌಜಲಕ್ಕಿ ನೀರಿಗೆ ಬರುವ ಹೊತ್ತು

ಹಕ್ಕಿಗಳ ಫೋಟೋ ತೆಗೆಯುವವರು ಮೆತ್ತನೆಯ ಮನಸ್ಸಿನವರು ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ, ನನಗೇನು ನಷ್ಟ. ಕಂಪ್ಲಿಯ ನನ್ನ ಅಕ್ಕಿ ಗಿರಣಿಗೆ ಬಂದವರೆಲ್ಲ ಗೋಡೆಯ ಮೇಲಿನ ದೊಡ್ಡ ಫೋಟೋ ನೋಡಿ, "ಎಷ್ಟ್ ತಾಳ್ಮಿ ಬೇಕ್ರಿ ಕೊಟ್ರಯ್ಯನವ್ರ ಇದಕ್ಕ" ಎನ್ನುತ್ತಾರೆ. ಆ ತಾಳ್ಮೆ ನನ್ನದಲ್ಲ, ನನ್ನ ಗೆಳೆಯ ಅಕ್ಷೋಭ್ಯನದು. ಅದನ್ನು ನಾನು ಯಾರಿಗೂ ಹೇಳಿಲ್ಲ.

ಫೋಟೋದಲ್ಲಿ ಐದು ಗೌಜಲಕ್ಕಿಗಳು ಸಾಲಾಗಿ ನೀರು ಕುಡಿಯುತ್ತಿವೆ. ಇಂಗ್ಲಿಷಿನವರು ಪೇಂಟೆಡ್ ಸ್ಯಾಂಡ್‌ಗ್ರೌಸ್ ಎನ್ನುತ್ತಾರೆ. ನಮ್ಮಲ್ಲಿ ಗೌಜಲಕ್ಕಿ ಎಂದರೆ ಬೇರೆ ಹಕ್ಕಿಯೂ ಹೌದು, ಇದೂ ಹೌದು. ಬಾಣಲೆಗೆ ಬಿದ್ದ ಮೇಲೆ ಎರಡೂ ಒಂದೇ ಎಂದು ಹಿಂದಿನವರು ಬೇರೆ ಹೆಸರಿಡುವ ಗೋಜಿಗೆ ಹೋಗಿರಲಿಕ್ಕಿಲ್ಲ. ಹಗಲೆಲ್ಲ ಕಲ್ಲುಮಣ್ಣಿನ ಬಣ್ಣದಲ್ಲಿ ಕಾಣದಂತೆ ಕೂತಿರುವ ಈ ಹಕ್ಕಿ, ಹೊತ್ತು ಮುಳುಗಿ ಸ್ವಲ್ಪವೇ ಬೆಳಕು ಉಳಿದಿರುವಾಗ ನೀರಿಗೆ ಬರುತ್ತದೆ. ಇರುವುದು ಹತ್ತು ಹದಿನೈದು ನಿಮಿಷ. ಆಗ ಯಾರಾದರೂ ಕೆಮ್ಮಿದರೆ ಆ ದಿನದ ಕೆಲಸ ಮುಗಿದಂತೆ.

ನಾನೂ ಅಕ್ಷೋಭ್ಯನೂ ಹೊಸಪೇಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವನು ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಇಂಜಿನಿಯರ್ ಆದ, ನಾನು ಅಪ್ಪನ ಗಿರಣಿಯಲ್ಲಿ ಕೂತೆ. ನನ್ನ ಕೈಗೆ ಕ್ಯಾಮೆರಾ ಕೊಟ್ಟು ಕಲಿಸಿದವನು ಅವನೇ. ಆಮೇಲೆ ನನ್ನ ಲೆನ್ಸು ಅವನದಕ್ಕಿಂತ ಎರಡು ಪಟ್ಟು ದೊಡ್ಡದಾಯಿತು, ಫೋಟೋ ಮಾತ್ರ ಅವನದೇ ಚೆಂದ ಬರುತ್ತಿತ್ತು. ಊರಿನ ಪ್ರದರ್ಶನದಲ್ಲಿ ಹಿನ್ನೀರಿನ ಹೆಬ್ಬಾತುಗಳ ಅವನ ಫೋಟೋವನ್ನು ಬಾಗಿಲ ಎದುರಿಗೆ ತೂಗುಹಾಕಿದರು. ನನ್ನದನ್ನು ಚಹಾ ಕೊಡುವ ಮೂಲೆಗೆ ತಳ್ಳಿದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮೂರು ವರ್ಷ ಉರಿಯುತ್ತಲೇ ಇತ್ತು.

ಹೋದ ಕಾರ್ತಿಕದಲ್ಲಿ ಮಳೆಗಾಲದ ಗುಂಡಿಗಳೆಲ್ಲ ಒಣಗಿದ್ದವು. ಕಮಲಾಪುರದ ಆಚೆ, ಬಂಡೆಗಳ ನಡುವೆ ಒಂದೇ ಒಂದು ದೊಣೆಯಲ್ಲಿ ನೀರು ಉಳಿದದ್ದನ್ನು ಅಕ್ಷೋಭ್ಯ ಹುಡುಕಿದ. ಗೌಜಲಕ್ಕಿಗಳಿಗೆ ಬೇರೆ ದಾರಿಯೇ ಇರಲಿಲ್ಲ, ಅಲ್ಲಿಗೇ ಬರಬೇಕು. ಇಂಥದ್ದನ್ನು ಹುಡುಕಿದವನು ಬಾಯಿ ಮುಚ್ಚಿಕೊಂಡು ಒಬ್ಬನೇ ಹೋಗಬೇಕು. ಅವನು ಅದೇ ಸಂಜೆ ನನಗೆ ಫೋನ್ ಮಾಡಿದ.

ಹೊರಟ ದಿನ ಡ್ಯಾಂ ಕ್ವಾರ್ಟರ್ಸ್‌ನ ಅವನ ಮನೆ ಬಾಗಿಲಲ್ಲಿ ಅವನ ಹೆಂಡತಿ ಶ್ರೀಪ್ರಿಯಾ ಊಟದ ಡಬ್ಬಿ ಜೀಪಿಗಿಟ್ಟು, ನನ್ನ ಕೈಗೆ ಒಂದು ಗ್ಲುಕೋಸ್ ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟರು.

"ಕೊಟ್ರಯ್ಯಣ್ಣ, ಇದು ನಿಮ್ಮ ಹತ್ರನ ಇರ್ಲಿ. ಬೆಳಿಗ್ಗಿ ಇನ್ಸುಲಿನ್ ತೊಗೊಂಡಾರ. ಊಟ ತಪ್ಪಿದ್ರ ಸಕ್ಕರಿ ಒಮ್ಮೆಲೆ ಇಳೀತದ. ಕ್ಯಾಮೆರಾ ಹಿಡದ್ರ ಇವರಿಗೆ ಹೊಟ್ಟಿ ನೆನಪಿರಂಗಿಲ್ಲ."

"ನೀವ್ ಚಿಂತಿ ಮಾಡಬ್ಯಾಡ್ರಿ ವೈನಿ, ನಾನಿಲ್ಲೇನು" ಎಂದು ಪ್ಯಾಕೆಟ್ಟನ್ನು ನನ್ನ ಚೀಲದ ತಳಕ್ಕೆ ಹಾಕಿದೆ.

ಜೀಪು ನಿಲ್ಲಿಸಿದಾಗ ಮಧ್ಯಾಹ್ನ ಒಂದೂವರೆ. ಉಂಡೇ ಹೋಗೋಣ ಎಂದ ಅಕ್ಷೋಭ್ಯ. "ಲೇ, ತಡ ಆದ್ರ ಹಕ್ಕಿ ನಮ್ಮನ್ನ ನೋಡಿಬಿಡ್ತಾವ. ಒಳಗ ಕುಂತು ಉಣ್ಣಾನು, ನೀ ನಡಿ, ಡಬ್ಬಿ ನಾ ತರ್ತೀನಿ" ಎಂದು ಮುಂದೆ ಕಳಿಸಿದೆ. ತರಲಿಲ್ಲ. ಸ್ಟೀಲಿನ ಡಬ್ಬಿ, ಬಂಡೆಗೆ ತಾಗಿದರೆ ಟಣ್ ಎನ್ನುತ್ತದೆ. ಹೈಡಿನೊಳಗೆ ಕೂತ ಮೇಲೆ "ಮರತೆನಲ್ಲೋ" ಎಂದೆ. ಅವನು ನಕ್ಕು ಕ್ಯಾಮೆರಾ ಜೋಡಿಸತೊಡಗಿದ.

ಹೈಡ್ ಎಂದರೆ ಹಸಿರು ಬಟ್ಟೆಯ ಸಣ್ಣ ಗೂಡಾರ, ಮುಂದೆ ಲೆನ್ಸು ತೂರಿಸಲು ಕಿಂಡಿ. ಒಳಗೆ ಮಾತಿಲ್ಲ. ವರ್ಷಗಟ್ಟಲೆ ಜೊತೆಗೆ ಕೂತು ನಾವು ಎರಡು ಸನ್ನೆ ಮಾಡಿಕೊಂಡಿದ್ದೆವು. ಒಂದು ಬೆರಳು ಎತ್ತಿದರೆ, ತಡೆ, ಅಲುಗಾಡಬೇಡ. ಮೊಣಕಾಲು ತಟ್ಟಿದರೆ, ಆಯಿತು, ಇನ್ನು ಏನು ಬೇಕಾದರೂ ಮಾಡು. ಬೆರಳೆತ್ತಿದವನೇ ಮೊಣಕಾಲು ತಟ್ಟಬೇಕು, ಅಲ್ಲಿಯವರೆಗೆ ಇನ್ನೊಬ್ಬ ಮಿಸುಕಬಾರದು. ಈ ನಿಯಮ ಅಕ್ಷೋಭ್ಯನೇ ಮಾಡಿದ್ದು, ಒಂದು ಸಲವೂ ಅವನು ಅದನ್ನು ಮುರಿದಿರಲಿಲ್ಲ.

ನಾಲ್ಕೂವರೆಗೆ ಅವನು ಬಾಯಿಯ ಕಡೆ ಕೈ ಒಯ್ದು ನನ್ನ ಚೀಲ ತೋರಿಸಿದ. ದೊಣೆಯ ಅಂಚಿಗೆ ಪಿಕಳಾರ ಹಕ್ಕಿಗಳು ಬಂದಿದ್ದವು. ನಾನು ಬೆರಳು ಎತ್ತಿದೆ. ಐದಕ್ಕೆ ಮತ್ತೆ ಕೇಳಿದ. ಹಣೆಯಲ್ಲಿ ಬೆವರು, ಕೈ ನಡುಗುತ್ತಿತ್ತು. ಆ ಪ್ಯಾಕೆಟ್ಟು ಬಿಚ್ಚಿದರೆ ಎಷ್ಟು ಸದ್ದಾಗುತ್ತದೆಂದು ನಿಮಗೆ ಗೊತ್ತಿರಬೇಕು. ಮತ್ತೆ ಬೆರಳು ಎತ್ತಿದೆ. ಐದೂವರೆಗೆ ಮೂರನೆಯ ಸಲ ಅವನ ಕೈ ಬಾಯಿಯವರೆಗೆ ಹೋಗಲಿಲ್ಲ, ಅರ್ಧಕ್ಕೇ ನಿಂತಿತು. ಎದುರಿನ ಇಳಿಜಾರಿನಲ್ಲಿ ಆಗಷ್ಟೇ ಒಂದು ಕಲ್ಲು ನಡೆದಂತಾಯಿತು. ಗೌಜಲಕ್ಕಿ. ನಾನು ಅವನ ಮುಖದ ಹತ್ತಿರವೇ ಬೆರಳು ಹಿಡಿದೆ.

ಅವನು ನನ್ನ ಭುಜಕ್ಕೆ ಒರಗಿದ. ನಿದ್ದೆ ಎಂದುಕೊಂಡೆ ಎಂದು ಹೇಳಬಹುದು. ಆದರೆ ಹೈಡಿನಲ್ಲಿ ನಿದ್ದೆ ಮಾಡುವವನಲ್ಲ ಅವನು. ನನಗೆ ಗೊತ್ತಿತ್ತು. ಟ್ರೈಪಾಡ್ ಅಲುಗದಂತೆ ಅವನ ತಲೆಯನ್ನು ಮೆಲ್ಲಗೆ ಚೀಲದ ಮೇಲೆ ಇಳಿಸಿದೆ, ಬಿಸ್ಕತ್ತಿದ್ದ ಚೀಲದ ಮೇಲೆಯೇ. ಆರು ಗಂಟೆ ಎಂಟು ನಿಮಿಷಕ್ಕೆ ಹಕ್ಕಿಗಳು ನೀರಿಗೆ ಬಂದವು. ಮೊದಲು ಎರಡು, ಆಮೇಲೆ ಇನ್ನೂ ಮೂರು. ನೀರಲ್ಲಿ ನೆರಳು ಒಡೆಯದೆ ನಿಂತಿತು. ಅಂಥ ಸುಖ ನನಗೆ ಜೀವನದಲ್ಲಿ ಮತ್ತೆ ಸಿಕ್ಕಿಲ್ಲ. ಹಕ್ಕಿಗಳು ತಾವಾಗಿ ಹಾರಿಹೋಗುವವರೆಗೂ ಶಟರ್ ಒತ್ತಿದೆ.

ಆಮೇಲೆ ಪ್ಯಾಕೆಟ್ ಬಿಚ್ಚಿದೆ. ಅವನ ಹಲ್ಲು ಕಚ್ಚಿಕೊಂಡಿದ್ದವು. ಹೆಗಲ ಮೇಲೆ ಹೊತ್ತು ಬಂಡೆ ಇಳಿದು, ಜೀಪಿಗೆ ಹಾಕಿ, ಹೊಸಪೇಟೆಗೆ ಓಡಿಸಿದೆ. ಎಷ್ಟು ಹೊತ್ತಾಯಿತು ಎಚ್ಚರ ತಪ್ಪಿ ಎಂದು ಡಾಕ್ಟರು ಕೇಳಿದರು. "ಹಕ್ಕಿ ಹಾರಿದ ಮ್ಯಾಲ ಒಮ್ಮೆಲೆ ಬಿದ್ದ್ರಿ, ಗಾಡಿಗೆ ತಂದು ಹಾಕಿದ್ದ ತಡ ಹೊಂಟ ಬಂದೆ" ಎಂದೆ. ಜೀವ ಉಳಿಯಿತು. ಮಿದುಳಿಗೆ ಸಕ್ಕರೆ ಸಾಲದೆ ಬಹಳ ಹೊತ್ತಾಗಿದೆ ಎಂದರು. ಮಾತು ಹೋಯಿತು, ನಡಿಗೆ ಹೋಯಿತು. ಶ್ರೀಪ್ರಿಯಾ ಆಸ್ಪತ್ರೆಯ ವರಾಂಡದಲ್ಲಿ ನನ್ನೆರಡು ಕೈ ಹಿಡಿದು, ನೀವು ಹೊತ್ತು ತರದಿದ್ದರೆ ಏನಾಗುತ್ತಿತ್ತು ಎಂದು ಅತ್ತರು. ನಾನೂ ಅತ್ತೆ.

ಫೋಟೋಗೆ ಬಹುಮಾನ ಬಂತು. ಒಂದು ಪ್ರತಿಯನ್ನು ಕಟ್ಟು ಹಾಕಿಸಿ ಅವರ ಮನೆಗೂ ಕೊಟ್ಟೆ.

ಈ ಕಾರ್ತಿಕದಲ್ಲಿ ಶ್ರೀಪ್ರಿಯಾ ಊಟಕ್ಕೆ ಕರೆದರು. ಅಕ್ಷೋಭ್ಯ ಗಾಲಿಕುರ್ಚಿಯಲ್ಲಿದ್ದ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ಇಳಿದಿದ್ದ. ನನ್ನ ಪಕ್ಕದಲ್ಲೇ ಅವನ ಕುರ್ಚಿ ತಂದು ನಿಲ್ಲಿಸಿದರು. ಅವರು ಅನ್ನ ಹುಳಿ ಕಲಸಿ ತುತ್ತು ಹಿಡಿದರು. ಅವನ ಕೈ ಬಾಯಿಯ ಕಡೆ ಹೊರಟು ಅರ್ಧಕ್ಕೇ ನಿಂತಿತು. ಆಮೇಲೆ ಒಂದು ಬೆರಳು ಮೇಲೆದ್ದಿತು. ಬಾಯಿ ತೆರೆಯಲಿಲ್ಲ.

"ನೋಡ್ರಿ, ದಿನಾ ಹಿಂಗ" ಎಂದರು ಶ್ರೀಪ್ರಿಯಾ. "ಊಟ ತಂದ ಕೂಡ್ಲೆ ಬೆರಳು ಎತ್ತತಾರ. ಆ ಕೈ ಸೋತು ತಾನ ಬೀಳೂತನಕ ಒಂದ್ ಅಗಳು ಒಳಗ ಹೋಗಂಗಿಲ್ಲ. ಒಮ್ಮೊಮ್ಮೆ ಎರಡು ತಾಸು. ಹಿಂಗ ಆದ್ರ ಇವರು ಉಳಿಯಂಗಿಲ್ಲ ಅಂತಾರ ಡಾಕ್ಟ್ರು. ನೀವು ಹೈಡಿನೊಳಗ ಕುಂತಾಗ ಕೈಸನ್ನಿ ಮಾಡ್ತಿದ್ರಂತಲ್ಲ. ಇದರ ಅರ್ಥ ಏನ್ ಕೊಟ್ರಯ್ಯಣ್ಣ? ನಿಮಗ ಗೊತ್ತಿರಬೇಕು."

ಅಕ್ಷೋಭ್ಯನ ಕಣ್ಣು ನನ್ನ ಮೇಲಿತ್ತು. ಅಂದು ಬೆರಳೆತ್ತಿದವನು ನಾನು, ಮೊಣಕಾಲು ತಟ್ಟಿರಲಿಲ್ಲ. ಅವನ ಮೊಣಕಾಲು ನನ್ನ ಎಡಗೈಯಿಂದ ಒಂದು ಗೇಣು ದೂರ. ಒಂದು ಸಲ ತಟ್ಟಿದ್ದರೆ ಸಾಕಿತ್ತು, ಬಾಯಿ ತೆರೆಯುತ್ತಿದ್ದ. ತಟ್ಟಿದ್ದರೆ ಅವರು ಕೇಳುತ್ತಿದ್ದರು: ಇವರಿಗೆ ತಡೆ ಅಂದವರು ಯಾರು, ಯಾಕೆ ಅಂದರು?

"ಹಕ್ಕಿ ಬಂತು ಅಂತ್ರಿ ವೈನಿ" ಎಂದೆ. "ಒಂದ್ ಹಕ್ಕಿ ಬಂದೈತಿ, ನೋಡು ಅಂತ."

ಅವರ ಮುಖ ಅರಳಿತು. ಇಡೀ ವರ್ಷ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. "ಅಯ್ಯ ನನ್ನಪ್ಪಾ, ಹಕ್ಕಿ ನೋಡಬೇಕಂತ ಕೇಳ್ತಿದ್ರೇನು ಇಷ್ಟು ದಿನ. ನನಗ ತಿಳೀಲೇ ಇಲ್ಲ" ಎಂದು ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಬದಿಗಿಟ್ಟು, ಕುರ್ಚಿಯನ್ನು ಕಿಟಕಿಯ ಹತ್ತಿರ ತಳ್ಳಿಕೊಂಡು ಹೋದರು. "ಇನ್ಮ್ಯಾಲೆ ದಿನಾ ಊಟದ ಹೊತ್ತಿಗೆ ಇಲ್ಲೇ ಕುಂದರಸ್ತೀನಿ. ಎಲ್ಲಿ ಅದ ಹಕ್ಕಿ, ತೋರಸ್ರಿ."

ಹೊರಗಿನ ಬೇವಿನ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ. ಅವನ ಬೆರಳು ಹಾಗೆಯೇ ಮೇಲೆದ್ದಿತ್ತು, ಕತ್ತು ಮಾತ್ರ ನನ್ನ ಕಡೆ ತಿರುಗಿತ್ತು.

"ನೀವು ಉಣ್ರಿ ಅಣ್ಣ, ಸಂಕೋಚ ಮಾಡಬ್ಯಾಡ್ರಿ" ಎಂದು ಶ್ರೀಪ್ರಿಯಾ ಬಂದು ಅನ್ನದ ಪಾತ್ರೆ ಎತ್ತಿಕೊಂಡರು. "ಇನ್ನಷ್ಟು ಹಾಕಲೇನು?"

"ಹಾಕ್ರಿ" ಎಂದೆ.